ಮಸ್ಜಿದುನ್ನಬವಿಯ ಚಪ್ಪರದಿಂದ ಹಾಸ್ಟೆಲ್ ಕೋಣೆಯವರೆಗೆ

ಬೀರೂರು ಜಂಕ್ಷನ್‌ನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಹುಬ್ಬಳ್ಳಿಯ ಕಡೆಗೆ, ಇನ್ನೊಂದು ಶಿವಮೊಗ್ಗದ ಕಡೆಗೆ. ಪಿಯುಸಿ ಮುಗಿದ ನಮ್ಮ ಮಕ್ಕಳು ಪ್ರತಿವರ್ಷ ಇದೇ ಪ್ಲಾಟ್‌ಫಾರ್ಮಿನಲ್ಲಿ ಚೀಲ ಹಿಡಿದು ನಿಲ್ಲುತ್ತಾರೆ. ಯಾವ ಕಾಲೇಜು, ಶುಲ್ಕ ಎಷ್ಟು ಎಂದು ನಾವು ಹತ್ತು ಕಡೆ ವಿಚಾರಿಸುತ್ತೇವೆ. ಆದರೆ ಮಗು ಎಲ್ಲಿ, ಯಾರ ಜೊತೆ ಬದುಕುತ್ತದೆ ಎಂಬ ಪ್ರಶ್ನೆಯನ್ನು 'ಒಂದು ರೂಮ್ ಸಿಕ್ಕರೆ ಸಾಕು' ಎಂಬ ಮಾತಿನಲ್ಲೇ ಮುಗಿಸಿಬಿಡುತ್ತೇವೆ. ನಮ್ಮ ಇತಿಹಾಸ ಈ ಪ್ರಶ್ನೆಯನ್ನು ಇಷ್ಟು ಹಗುರವಾಗಿ ಕಂಡಿಲ್ಲ.

ಕಿಬ್ಲಾ ಮಕ್ಕಾದ ಕಡೆಗೆ ಬದಲಾದ ಮೇಲೆ ಮದೀನಾದ ಮಸ್ಜಿದುನ್ನಬವಿಯ ಹಿಂಭಾಗದಲ್ಲಿ ನೆರಳಿನ ಜಾಗವೊಂದು ಉಳಿಯಿತು. ಅದೇ ಸುಫ್ಫಾ. ಮನೆಮಠ, ಬಂಧುಗಳಿಲ್ಲದ ಸಹಾಬಿಗಳು ಅಲ್ಲಿ ತಂಗಿ ಪ್ರವಾದಿ(ಸ)ರಿಂದ ಕಲಿಯುತ್ತಿದ್ದರು. ಹಝ್ರತ್ ಅಬೂಹುರೈರಾ(ರ) ಅವರಲ್ಲೊಬ್ಬರು. ಅನ್ಸಾರಿಗಳು ತಮ್ಮ ತೋಟದ ಖರ್ಜೂರದ ಗೊನೆಗಳನ್ನು ತಂದು ಮಸ್ಜಿದ್‌ನಲ್ಲಿ ಇವರಿಗಾಗಿ ತೂಗುಹಾಕುತ್ತಿದ್ದರು. ರಾತ್ರಿ ಊಟಕ್ಕೆ ಒಬ್ಬಿಬ್ಬರನ್ನು ಮನೆಗೆ ಕರೆದೊಯ್ಯುತ್ತಿದ್ದರು. ಕಲಿಯುವವರು ಒಟ್ಟಿಗಿದ್ದರು, ಗುರು ಪಕ್ಕದಲ್ಲಿದ್ದರು, ಹೊಟ್ಟೆಯ ಹೊಣೆಯನ್ನು ಊರು ಹೊತ್ತಿತ್ತು. ಈ ಮೂರನ್ನೂ ನಾವು ನೆನಪಿಡಬೇಕು.

ಇದೇ ಏರ್ಪಾಡನ್ನು ಕಲ್ಲಿನಲ್ಲಿ ಕಟ್ಟಿದ ನಿದರ್ಶನ ನಮ್ಮ ಕರ್ನಾಟಕದಲ್ಲೇ ಇದೆ. ಇರಾನಿನ ಗೀಲಾನ್‌ನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮದ್ರಸಾ ಕಟ್ಟಿಸಿದರು. ಮೂರು ಅಂತಸ್ತಿನ ಆ ಕಟ್ಟಡದಲ್ಲಿ ತರಗತಿ, ಗ್ರಂಥಾಲಯ ಮತ್ತು ಮಸ್ಜಿದ್‌ನ ಜೊತೆಗೆ ವಿದ್ಯಾರ್ಥಿಗಳಿಗೆ ಕೋಣೆಗಳಿದ್ದವು. ಗುರುಗಳ ವಾಸವೂ ಅದೇ ಸೂರಿನಡಿ ಇತ್ತು. ಪಾಠ ಮುಗಿದರೂ ಗುರು ದೂರವಾಗುತ್ತಿರಲಿಲ್ಲ. 1481ರಲ್ಲಿ ಶತ್ರುಗಳ ಖೋಟಾ ಪತ್ರವನ್ನು ನಂಬಿದ ಸುಲ್ತಾನ ಗವಾನರ ತಲೆ ತೆಗೆಸಿದ. ಔರಂಗಜೇಬನ ಕಾಲದಲ್ಲಿ ಮದ್ದಿನ ಸ್ಫೋಟಕ್ಕೆ ಕಟ್ಟಡದ ಒಂದು ಭಾಗ ಕುಸಿಯಿತು. ಉಳಿದ ಮಿನಾರು ಇಂದಿಗೂ ನಿಂತಿದೆ.

ಸರ್ ಸಯ್ಯದ್ ಅಹ್ಮದ್ ಖಾನ್ 1869ರಲ್ಲಿ ಇಂಗ್ಲೆಂಡಿಗೆ ಹೋದಾಗ ಕೇಂಬ್ರಿಜ್‌ನ ವಸತಿ ಕಾಲೇಜುಗಳನ್ನು ಕಂಡರು. 1875ರಲ್ಲಿ ಅಲಿಗಢದಲ್ಲಿ ಶಾಲೆ ತೆರೆದು, 1877ರಲ್ಲಿ ಕಾಲೇಜಿಗೆ ಅಡಿಗಲ್ಲು ಹಾಕಿಸಿದಾಗ ವಸತಿಗೃಹವನ್ನು ವಿದ್ಯೆಯ ಅರ್ಧಭಾಗವೆಂದೇ ಎಣಿಸಿದರು. ಒಟ್ಟಿಗೆ ನಮಾಝ್, ಒಟ್ಟಿಗೆ ಊಟ, ಆಟ, ಚರ್ಚಾಕೂಟ. ಆ ಕಾಲೇಜಿನಲ್ಲಿ ಹಿಂದೂ ವಿದ್ಯಾರ್ಥಿಗಳೂ ಓದಿದರು.

ಹೆಣ್ಣುಮಕ್ಕಳ ದಾರಿ ಇನ್ನೂ ಕಠಿಣವಾಗಿತ್ತು. ಶೇಖ್ ಅಬ್ದುಲ್ಲಾ ಮತ್ತು ವಹೀದ್ ಜಹಾನ್ ಬೇಗಂ ದಂಪತಿ 1906ರಲ್ಲಿ ಅಲಿಗಢದಲ್ಲಿ ಬಾಲಕಿಯರ ಶಾಲೆ ಆರಂಭಿಸಿದರು. 1914ರಲ್ಲಿ ಹಾಸ್ಟೆಲ್ ತೆರೆದರು. ಪರಊರಿಗೆ ಮಗಳನ್ನು ಕಳಿಸಲು ಹೆತ್ತವರು ಹೆದರುತ್ತಿದ್ದ ಕಾಲ. ವಹೀದ್ ಜಹಾನ್ ಬೇಗಂ ಆ ಭಯವನ್ನು ಭಾಷಣದಿಂದ ಹೋಗಲಾಡಿಸಲಿಲ್ಲ. ಹಾಸ್ಟೆಲಿನ ಉಸ್ತುವಾರಿಯನ್ನು ತಾವೇ ಹೊತ್ತರು, ತಮ್ಮ ಹೆಣ್ಣುಮಕ್ಕಳನ್ನೂ ಅದೇ ಶಾಲೆಯಲ್ಲಿ ಓದಿಸಿದರು. ಅವರಲ್ಲೊಬ್ಬರಾದ ರಶೀದ್ ಜಹಾನ್ ಮುಂದೆ ವೈದ್ಯೆಯಾದರು, ಉರ್ದು ಲೇಖಕಿಯೂ ಆದರು.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇಂದು ಒಂದೇ ವಿಷಯದಲ್ಲಿ ಆಸಕ್ತಿಯಿರುವವರನ್ನು ಒಂದೇ ಹಾಸ್ಟೆಲಿನಲ್ಲಿ ಇರಿಸಿ ಕಲಿಸುವ ಕ್ರಮವಿದೆ. ಅದರ ಬೇರು 1927ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಅಲೆಕ್ಸಾಂಡರ್ ಮೈಕಲ್‌ಜಾನ್ ನಡೆಸಿದ ಪ್ರಯೋಗದಲ್ಲಿದೆ. ಅಲ್ಲಿನ ವಿದ್ಯಾರ್ಥಿಗಳು ಒಂದೇ ಹಾಸ್ಟೆಲಿನಲ್ಲಿದ್ದು ಮೊದಲ ವರ್ಷ ಪ್ರಾಚೀನ ಅಥೆನ್ಸನ್ನೂ ಎರಡನೆಯ ವರ್ಷ ಅಮೆರಿಕವನ್ನೂ ಅಭ್ಯಾಸ ಮಾಡಿದರು. ಐದೇ ವರ್ಷಕ್ಕೆ ಅದು ನಿಂತಿತು, ಆದರೆ ಕಲ್ಪನೆ ಉಳಿಯಿತು. ನಮಗಿದು ಹೊಸದೆನಿಸಬೇಕಿಲ್ಲ.

ನಮ್ಮ ರೈಲು ಬೆಂಗಳೂರಿಗೆ ಹೋಗುವ ದಾರಿಯಲ್ಲೇ ತುಮಕೂರಿದೆ. ಅಲ್ಲಿನ ಸಿದ್ಧಗಂಗಾ ಮಠ ಎಲ್ಲ ಜಾತಿ ಧರ್ಮಗಳ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಡುತ್ತಾ ಬಂದಿದೆ. ಮುಸ್ಲಿಂ ಮಕ್ಕಳೂ ಅಲ್ಲಿ ಓದಿದ್ದಾರೆ. ಈ ಋಣವನ್ನು ಮರೆಯಬಾರದು. ಜೊತೆಗೆ ನಮ್ಮನ್ನೇ ಕೇಳಿಕೊಳ್ಳಬೇಕು: ಸುಫ್ಫಾದ ವಾರಸುದಾರರಾದ ನಾವು ಪರರ ಮಕ್ಕಳಿಗಿರಲಿ, ನಮ್ಮ ಮಕ್ಕಳಿಗೇ ಏನು ಮಾಡಿದ್ದೇವೆ?

ದೊಡ್ಡ ಕಟ್ಟಡ ಕಟ್ಟುವ ಶಕ್ತಿ ಎಲ್ಲ ಜಮಾಅತ್‌ಗಳಿಗಿಲ್ಲ. ಆದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಶಿವಮೊಗ್ಗದಲ್ಲೋ ಓದುವ ನಮ್ಮೂರ ಮಕ್ಕಳ ಪಟ್ಟಿ ಮಾಡಬಹುದು. ಅಲ್ಪಸಂಖ್ಯಾತರ ಇಲಾಖೆಯ ಹಾಸ್ಟೆಲಿಗೆ ಅರ್ಜಿ ಹಾಕಲು ಸಮಯಕ್ಕೆ ನೆರವಾಗಬಹುದು. ತಿಂಗಳಿಗೊಮ್ಮೆ ಇಬ್ಬರು ಹಿರಿಯರು ಹೋಗಿ, ಊಟ ಹೇಗಿದೆ, ಓದು ಹೇಗಿದೆ, ಗೆಳೆಯರು ಯಾರು ಎಂದು ವಿಚಾರಿಸಿ ಬರಬಹುದು. ಹೆಣ್ಣುಮಕ್ಕಳಿದ್ದರೆ ನಮ್ಮ ತಾಯಂದಿರೂ ಹೋಗಲಿ. 'ಹಾಸ್ಟೆಲ್ ಸರಿಯಿಲ್ಲ' ಎಂದು ಮಗಳ ಓದು ಬಿಡಿಸುವ ಮೊದಲು, ಅದನ್ನು ಸರಿಮಾಡಲು ನಾವೇನು ಮಾಡಿದೆವು ಎಂದು ಯೋಚಿಸೋಣ.

ಮದೀನಾದವರು ತೂಗುಹಾಕಿದ್ದು ಖರ್ಜೂರದ ಗೊನೆಯಷ್ಟೇ. ಅದನ್ನುಂಡವರು ಹದೀಸ್‌ಗಳನ್ನು ಲೋಕಕ್ಕೆ ತಲುಪಿಸಿದರು. ನಮ್ಮ ಪಾಲಿನ ಗೊನೆಯನ್ನು ನೀಡುವ ತೌಫೀಕನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.