ಹೊಯ್ಸಳನಾಡಿನ ವಿದ್ಯಾಪರಂಪರೆಯೂ ನೂತನಶಾಸ್ತ್ರಗಳೂ

ಬೇಲೂರು, ಹಳೇಬೀಡು, ಅರಸೀಕೆರೆ ಎಂಬ ಹೆಸರುಗಳನ್ನು ಕೇಳಿದೊಡನೆಯೇ ಎಲ್ಲರಿಗೂ ನೆನಪಾಗುವುದು ಶಿಲ್ಪ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆಮಾಡಿಸಿದ ಚೆನ್ನಕೇಶವಾಲಯವನ್ನೂ, ದೋರಸಮುದ್ರದ ಹೊಯ್ಸಳೇಶ್ವರಾಲಯವನ್ನೂ, ಸುಮಾರು 1220ರಲ್ಲಿ ನಿರ್ಮಿತವಾದ ಅರಸೀಕೆರೆಯ ಶಿವಾಲಯವನ್ನೂ ಕಂಡು ಬೆರಗಾಗದವರು ವಿರಳ. ಈ ಸೀಮೆಯ ವಿದ್ಯೆಯ ಚರಿತ್ರೆಯಾದರೋ ಅಷ್ಟು ಪ್ರಸಿದ್ಧವಾಗಿಲ್ಲ. ಇಂದು ವಿಶ್ವವಿದ್ಯಾನಿಲಯಗಳಲ್ಲಿ ಬೋಧಿಸಲ್ಪಡುವ ರಸಾಯನಶಾಸ್ತ್ರ, ವಾಣಿಜ್ಯಶಾಸ್ತ್ರ, ವೈದ್ಯಕೀಯೋಪಕರಣಶಾಸ್ತ್ರಗಳು ಇಲ್ಲಿಯ ಒಕ್ಕಲುಮಕ್ಕಳ ಕೈಗೆ ಹೇಗೆ ಎಟುಕಿದುವೆಂಬುದನ್ನು ಭಕ್ತಮಹಾಶಯರು ಅರಿತಿರುವುದು ಯುಕ್ತ.

ಈ ಶಾಸ್ತ್ರಗಳ ಬೀಜಗಳು ಇಲ್ಲಿ ಮೊದಲೇ ಇದ್ದುವು. ದೇವಾಲಯಗಳ ಶಿಲೆಯನ್ನು ಜನರು ಬಳಪದ ಕಲ್ಲೆನ್ನುವರು. ನೆಲದಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೊಡ್ಡಿದಮೇಲೆ ಗಡುಸಾಗುವ ಅದರ ಗುಣವನ್ನು ಅರಿತೇ ರೂವಾರಿಗಳು ಉಳಿಯನ್ನು ಹಿಡಿದರು. ಲೆಕ್ಕದ ವಿದ್ಯೆಯೂ ಇಲ್ಲಿತ್ತು. ಹರಿಹರ ಮಹಾಕವಿಗಳು ದೋರಸಮುದ್ರದಲ್ಲಿ ನರಸಿಂಹ ಬಲ್ಲಾಳನ ಕರಣಿಕರಾಗಿದ್ದು, ಆ ಕೆಲಸವನ್ನು ತೊರೆದು ಹಂಪೆಗೆ ತೆರಳಿದರೆಂದು ಪರಂಪರೆಯು ಹೇಳುತ್ತದೆ. ಬೇಲೂರಿನ ಕೆರೆಯನ್ನು ಕಟ್ಟಿಸಿ ‘ಕೆರೆಯ ಪದ್ಮರಸ’ರೆನಿಸಿಕೊಂಡ ಮಹನೀಯರು ರಾಜಕಾರ್ಯವನ್ನೂ ಶಿವಭಕ್ತಿಯನ್ನೂ ಒಟ್ಟಿಗೆ ನಡೆಸಿದವರು.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಅಲ್ಲಮಪ್ರಭುಗಳ ಜನ್ಮಸ್ಥಳವೆಂದು ಖ್ಯಾತವಾದ ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವನ್ನು ನೆನೆಯಬೇಕು. ಅರಸೀಕೆರೆ ಸೀಮೆಯ ಹಾರನಹಳ್ಳಿಯ ಕೋಡಿಮಠ ಬೇರೆ, ಇದು ಬೇರೆ; ಇದು ಕಾಳಾಮುಖ ಶೈವರ ಮಠ. ಅಲ್ಲಿ ವ್ಯಾಕರಣ, ದರ್ಶನ, ಪುರಾಣ, ಕಾವ್ಯನಾಟಕಗಳ ಪಾಠವು ನಡೆಯುತ್ತಿತ್ತು, ದೀನರಿಗೂ ಅಂಗವಿಕಲರಿಗೂ ಅನ್ನವು ದೊರೆಯುತ್ತಿತ್ತು, ರೋಗಿಗಳಿಗೆ ಔಷಧೋಪಚಾರವಿತ್ತು. ಅನ್ನ, ವಿದ್ಯೆ, ಚಿಕಿತ್ಸೆ ಈ ಮೂರೂ ಒಂದೇ ಸೂರಿನಡಿ ಇದ್ದುವೆಂಬುದು ಗಮನಾರ್ಹವಾದುದು.

ಆದರೂ ಒಂದು ಕೊರತೆಯನ್ನು ಮರೆಮಾಚಬಾರದು. ಆ ಕಾಲದ ಅಗ್ರಹಾರಗಳ ವಿದ್ಯೆಯು ಕೆಲವರಿಗೆ ಮೀಸಲಾಗಿತ್ತು. ಉಳುವವನ, ನೇಯುವವನ, ಕಲ್ಲು ಕಡೆಯುವವನ ಮಗನು ಕಸುಬನ್ನು ತಂದೆಯಿಂದ ಕಲಿತನೇ ಹೊರತು ಶಾಸ್ತ್ರವನ್ನು ಗುರುವಿನಿಂದ ಕಲಿಯಲಾರದೆ ಹೋದನು. ಕಾಯಕಜೀವಿಗಳಿಗೂ ಅನುಭಾವದ ಮಾತು ಸಲ್ಲುವುದೆಂದು ಶರಣರು ಅದೇ ಶತಮಾನದಲ್ಲಿ ಸಾರಿದರು. ಆದರೆ ಆ ಮಾತು ಪಾಠಶಾಲೆಯ ಮೆಟ್ಟಿಲನ್ನು ಹತ್ತಲು ಎಷ್ಟೋ ಶತಮಾನಗಳು ಹಿಡಿದುವು.

ನೂತನಶಾಸ್ತ್ರಗಳು ಮೈಸೂರುಸೀಮೆಯಲ್ಲಿ ನೆಲೆಗೊಂಡುದು ಇಪ್ಪತ್ತನೆಯ ಶತಮಾನದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನಸಂಸ್ಥೆಯಲ್ಲಿ 1911ರಲ್ಲಿ ಪಾಠಗಳು ಮೊದಲಾದಾಗ ರಸಾಯನಶಾಸ್ತ್ರವೇ ಅಲ್ಲಿಯ ಮುಖ್ಯ ವಿಷಯಗಳಲ್ಲೊಂದಾಗಿತ್ತು. 1914ರ ಮಹಾಯುದ್ಧದಿಂದ ಶ್ರೀಗಂಧದ ಮರವು ಯೂರೋಪಿಗೆ ಹೋಗದೆ ನಿಂತಾಗ, ಆ ಸಂಸ್ಥೆಯ ರಸಾಯನಜ್ಞರು ಎಣ್ಣೆ ತೆಗೆಯುವ ಕ್ರಮವನ್ನು ಸಿದ್ಧಪಡಿಸಿಕೊಟ್ಟರು. 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಹುಟ್ಟಿತು. ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳ ಪ್ರಯತ್ನದಿಂದ ಸಾಬೂನೂ ಸಿದ್ಧವಾಯಿತು. ಅದೇ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅದಕ್ಕೆ ಮೂರು ವರ್ಷ ಮುಂಚೆ ಮೈಸೂರು ಬ್ಯಾಂಕು ತೆರೆದಿತ್ತು. ಹೀಗೆ ರಸಾಯನವೂ ವಾಣಿಜ್ಯವೂ ನಾಡಿನ ಜೀವನಕ್ಕೆ ಬೇಕಾದ ವಿದ್ಯೆಗಳೆಂದು ಸಿದ್ಧವಾಯಿತು. ಕೊಬ್ಬರಿಯ ಪೇಟೆಯಾದ ಅರಸೀಕೆರೆಗೂ, ಕಾಫಿಯ ಸೀಮೆಗೆ ಹೊಂದಿಕೊಂಡ ಬೇಲೂರಿಗೂ ಇವುಗಳ ಪ್ರಯೋಜನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕಾಲೇಜುಗಳೆಲ್ಲವೂ ಪಟ್ಟಣದಲ್ಲಿದ್ದುವು. ಅರಸೀಕೆರೆಗೆ 1889ರಲ್ಲೇ ಬೆಂಗಳೂರಿನ ರೈಲು ಬಂದಿತ್ತು. ಬಳಿಕ ಹಾಸನದ ಮಾರ್ಗವಾಗಿ ಮೈಸೂರಿನ ರೈಲೂ ಕೂಡಿಕೊಂಡಿತು. ಬೇಲೂರು ಹಳೇಬೀಡುಗಳ ಹುಡುಗನು ಗಾಡಿಯಲ್ಲಿ ಬಂದು ಅಲ್ಲಿ ರೈಲು ಹತ್ತಬಹುದಾಗಿತ್ತು. ಇಳಿದ ಮೇಲೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಕಾಲೇಜಿನ ಶುಲ್ಕಕ್ಕಿಂತಲೂ ಎರಡು ಹೊತ್ತಿನ ಊಟವೇ ಬಡವನಿಗೆ ದೊಡ್ಡ ಅಡ್ಡಿಯಾಗಿತ್ತು. ಈ ಅಡ್ಡಿಯನ್ನು ತೆಗೆದುವು ಮಠಗಳ ಉಚಿತ ವಿದ್ಯಾರ್ಥಿನಿಲಯಗಳು.

ಅರಸೀಕೆರೆಯಿಂದ ಹೊರಟ ಎರಡು ದಾರಿಗಳಲ್ಲಿಯೂ ಅಂತಹ ಆಶ್ರಯವು ಬೆಳೆಯಿತು. ಬೆಂಗಳೂರಿನ ದಾರಿಯಲ್ಲಿರುವ ತುಮಕೂರಿನ ಬಳಿ ಶ್ರೀ ಸಿದ್ಧಗಂಗಾ ಕ್ಷೇತ್ರ. ಅಲ್ಲಿಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು (1907–2019) ತಾವೇ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಮೈಸೂರಿನ ಕಡೆಗೆ ಶ್ರೀ ಸುತ್ತೂರು ಮಠ. ಅಲ್ಲಿಯ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು ಹಳ್ಳಿಯ ಮಕ್ಕಳಿಗಾಗಿ ಮೈಸೂರಿನಲ್ಲಿ ವಿದ್ಯಾರ್ಥಿನಿಲಯವನ್ನು ತೆರೆದು, 1954ರಲ್ಲಿ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. 1963ರಲ್ಲಿ ಎರಡು ಮಠಗಳೂ ತಾಂತ್ರಿಕ ಕಾಲೇಜುಗಳನ್ನು ತೆರೆದುವು. ತುಮಕೂರಿನಲ್ಲಿ ಕಾಲಕ್ರಮದಿಂದ ರಾಸಾಯನಿಕ ತಂತ್ರವಿದ್ಯೆಯೂ, ಮೈಸೂರಿನಲ್ಲಿ ಉಪಕರಣತಂತ್ರವಿದ್ಯೆಯೂ ಬೋಧನೆಗೆ ಬಂದುವು. ಮೊದಲು ಅಡುಗೆಮನೆ, ಅನಂತರ ಪ್ರಯೋಗಶಾಲೆ, ಇದೇ ಕ್ರಮ.

ಈ ಮೂರರಲ್ಲಿ ವೈದ್ಯಕೀಯೋಪಕರಣಶಾಸ್ತ್ರವೇ ಕಿರಿಯದು. ಹೃದಯದಿಂದ ಚರ್ಮದ ಮೇಲೆ ತೋರುವ ವಿದ್ಯುತ್ತು ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲಿನಷ್ಟು ಅಲ್ಪ. ಅದನ್ನು ಹಿಡಿದು ಬರೆಯಿಸುವ ಯಂತ್ರವನ್ನು ಸಾಧಿಸಿದ ಹಾಲೆಂಡಿನ ಐಂಥೋವೆನ್ ಎಂಬ ವಿದ್ವಾಂಸನಿಗೆ 1924ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಹಿಂದೆ ವೈದ್ಯನು ನಾಡಿಯ ಮೇಲೆ ಬೆರಳಿಟ್ಟು ಅರಿಯುತ್ತಿದ್ದುದನ್ನೇ ಇಂತಹ ಯಂತ್ರವು ಇನ್ನಷ್ಟು ಸೂಕ್ಷ್ಮವಾಗಿ ತಿಳಿಸುವುದು. ಆದರೆ ಯಂತ್ರವನ್ನು ಕೊಂಡರೆ ಸಾಲದು. ಅದನ್ನು ನಡೆಸುವವನೂ ಕೆಟ್ಟಾಗ ಸರಿಪಡಿಸುವವನೂ ಇಲ್ಲದೆಹೋದರೆ ಅದು ಬಟ್ಟೆ ಹೊದ್ದು ಮೂಲೆಯಲ್ಲಿ ಕೂರುವುದು. ರೋಗಿಯು ದೂರದ ಪಟ್ಟಣದ ದಾರಿ ಹಿಡಿಯುವನು. ತಾಲ್ಲೂಕಿನ ಮಗನೋ ಮಗಳೋ ಈ ವಿದ್ಯೆಯನ್ನು ಕಲಿತು ಊರಿಗೆ ಮರಳಬೇಕೆನ್ನುವುದು ಇದಕ್ಕಾಗಿಯೇ.

ಹಾಸನದಲ್ಲಿ 1960ರಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು ತೆರೆದ ಮೇಲೆ ದಾರಿಯು ಮತ್ತಷ್ಟು ಹತ್ತಿರವಾಗಿದೆ. 2023ರಲ್ಲಿ ಬೇಲೂರು ಹಳೇಬೀಡುಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿ ಲೋಕದ ಕಣ್ಣು ಈ ಸೀಮೆಯ ಮೇಲೆ ಬಿದ್ದಿದೆ. ಕಲ್ಲಿನ ಕೀರ್ತಿಯು ಹೀಗೆ ಸುರಕ್ಷಿತವಾಯಿತು. ವಿದ್ಯೆಯ ಕೀರ್ತಿಯಾದರೋ ಪ್ರತಿ ತಲೆಮಾರೂ ಹೊಸದಾಗಿ ಗಳಿಸಬೇಕಾದುದು. ಬಳ್ಳಿಗಾವೆಯ ಶಾಸನವು ಒಟ್ಟಿಗೆ ಹೇಳಿದ ಅನ್ನ, ವಿದ್ಯೆ, ಚಿಕಿತ್ಸೆಗಳಲ್ಲಿ ಮೊದಲನೆಯದು ನಿಂತರೆ ಉಳಿದೆರಡೂ ಬಡವನ ಪಾಲಿಗೆ ನಿಲ್ಲುವುವು. ಆದುದರಿಂದ ವಿದ್ಯಾರ್ಥಿನಿಲಯದ ಒಲೆಗೆ ಒಂದು ಸೇರು ಅಕ್ಕಿಯನ್ನು ಕೊಡುವ ಭಕ್ತನೂ ವಿಶ್ವವಿದ್ಯಾನಿಲಯದ ಪಾಠಕ್ಕೆ ಸಹಾಯಮಾಡಿದವನೇ ಆಗಿರುವನು.