ಇಸಬೆಲ್ಲಾ ಬರ್ಡಳ ಕಡೆಯ ಅಶ್ವಯಾತ್ರೆಗಳು

ಕ್ರಿ. ಶ. ೧೯೦೧ನೆಯ ಇಸವಿಯಲ್ಲಿ ಮೊರಾಕೊ ದೇಶದ ಅಟ್ಲಾಸ್ ಪರ್ವತಪ್ರಾಂತದಲ್ಲಿ ಸಂಚರಿಸುತ್ತಿದ್ದ ಒಬ್ಬ ಆಂಗ್ಲ ಮಹಿಳೆಯ ಸಾಮಾನುಗಳಲ್ಲಿ ಡೇರೆ, ಹಾಸಿಗೆಗಳ ಜೊತೆಗೆ ಹಗುರವಾದ ಒಂದು ಏಣಿಯೂ ಇದ್ದಿತು. ಸುಲ್ತಾನನು ಆಕೆಗೆ ಕೊಟ್ಟಿದ್ದ ಕರಿಯ ಗಂಡುಕುದುರೆಯು ಬಹಳ ಎತ್ತರವಾದುದು. ಆಕೆಯೋ ಐದಡಿಗಿಂತಲೂ ಗಿಡ್ಡ, ವಯಸ್ಸು ಅರುವತ್ತೊಂಬತ್ತು. ಏಣಿಯಿಲ್ಲದೆ ಜೀನನ್ನೇರುವುದು ಆಕೆಗೆ ಅಶಕ್ಯವಾಗಿದ್ದಿತು. ಏರಿ ಕುಳಿತ ಮೇಲೆ ಮಾತ್ರ ಆಕೆಯನ್ನು ಇಳಿಸುವುದು ಕಷ್ಟ. ಆ ಪ್ರವಾಸದಲ್ಲಿ ಆಕೆಯು ಸುಮಾರು ಸಾವಿರ ಮೈಲಿಗಳನ್ನು ಸವಾರಿಯಿಂದಲೇ ಕ್ರಮಿಸಿದಳು.

ಈಕೆಯೇ ಇಸಬೆಲ್ಲಾ ಬರ್ಡ್. ವಿವಾಹಾನಂತರದ ಹೆಸರು ಶ್ರೀಮತಿ ಬಿಷಪ್. ಆಂಗ್ಲ ಪ್ರವಾಸಸಾಹಿತ್ಯವನ್ನು ಓದಿದವರಿಗೆ ಈಕೆಯ ಹೆಸರು ಅಪರಿಚಿತವಲ್ಲ. ಆದರೆ ಬಹುಮಂದಿ ವಾಚಕರು ಅಮೆರಿಕದ ರಾಕಿ ಪರ್ವತಗಳನ್ನು ಕುರಿತು ಆಕೆಯು ಬರೆದ ಗ್ರಂಥವನ್ನೋದಿ ಅಲ್ಲಿಗೇ ನಿಲ್ಲುವರು. ಆ ಗ್ರಂಥದಲ್ಲಿ ವರ್ಣಿತವಾದ ಸವಾರಿಯು ೧೮೭೩ರದು. ಆಗ ಆಕೆಗೆ ನಲವತ್ತೆರಡು ವರ್ಷ. ದೀರ್ಘವೂ ಕಠಿನವೂ ಆದ ಅಶ್ವಯಾತ್ರೆಗಳಲ್ಲಿ ಹಲವು ಐವತ್ತೇಳನೆಯ ವಯಸ್ಸಿನ ಈಚಿನವು. ಅವುಗಳನ್ನು ಬರಿಯ ಪರಿಶಿಷ್ಟವೆಂದು ಭಾವಿಸುವುದು ಉಚಿತವಲ್ಲವೆಂಬುದೂ, ‘ಒಂಟಿ ಪ್ರಯಾಣ’ ಎಂದು ನಾವು ಸುಲಭವಾಗಿ ಹೇಳಿಬಿಡುವ ಮಾತು ಅವುಗಳಿಗೆ ಯಾವ ಅರ್ಥದಲ್ಲಿ ಸಲ್ಲುವುದೆಂಬುದನ್ನು ವಿಚಾರಿಸಬೇಕೆಂಬುದೂ ಈ ಲೇಖನದ ಅಭಿಪ್ರಾಯ.

ಬರ್ಡಳು ಹುಟ್ಟಿದುದು ೧೮೩೧ನೆಯ ಅಕ್ಟೋಬರ್ ೧೫ರಂದು, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ, ಪಾದ್ರಿಯ ಮಗಳು. ಬಾಲ್ಯದಿಂದಲೂ ಬೆನ್ನುಹುರಿಯ ಬೇನೆ. ಹದಿನೆಂಟರ ಸುಮಾರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ವೈದ್ಯರ ಸಲಹೆಯಿಂದಲೇ ಸಮುದ್ರಯಾನವು ಮೊದಲಾಯಿತೆಂದು ಹೇಳಬಹುದು. ಮನೆಯಲ್ಲಿದ್ದರೆ ಹಾಸಿಗೆ ಹಿಡಿಯುವ ದೇಹವು ಹೊರಗೆ ಹೊರಟೊಡನೆ ಹಸಿವು, ಹಿಮ, ನಿದ್ರಾಭಂಗಗಳೆಲ್ಲವನ್ನೂ ಸಹಿಸುತ್ತಿದ್ದುದು ಆ ಕಾಲದ ವೈದ್ಯರಿಗೆ ಒಂದು ಸಮಸ್ಯೆಯಾಗಿಯೇ ಉಳಿಯಿತು. ಇದನ್ನು ಕಪಟವೆಂದು ನಗೆಯಾಡಿದವರೂ ಉಂಟು. ಆಕೆಯ ಬೇನೆಯು ನಿಜವಾದುದೆಂಬುದಕ್ಕೆ ಶಸ್ತ್ರಚಿಕಿತ್ಸೆಯೇ ಸಾಕ್ಷಿಯಾಗಿರುವಾಗ ಈ ನಗೆಯು ನ್ಯಾಯವಾದುದಲ್ಲ.

ಈ ಬೇನೆಗೂ ಆಕೆಯ ಸವಾರಿಗೂ ನೇರವಾದ ಸಂಬಂಧವಿದೆ. ಆಗಿನ ಆಂಗ್ಲ ಸ್ತ್ರೀಯರು ಎರಡು ಕಾಲುಗಳನ್ನೂ ಒಂದೇ ಪಕ್ಕಕ್ಕೆ ಇಳಿಬಿಟ್ಟು ಓರೆಯಾಗಿ ಕುಳಿತು ಸವಾರಿ ಮಾಡುತ್ತಿದ್ದರು. ಈ ಭಂಗಿಯು ಬೆನ್ನುನೋವುಳ್ಳವಳಿಗೆ ಹಿಂಸೆಯೇ ಸರಿ. ೧೮೭೩ರಲ್ಲಿ ಹವಾಯಿ ದ್ವೀಪಗಳಿಗೆ ಹೋದಾಗ ಅಲ್ಲಿನ ಹೆಂಗಸರು ಗಂಡಸರಂತೆ ಇಬ್ಬದಿಗೂ ಕಾಲು ಚಾಚಿ ಕುದುರೆಯೇರುವುದನ್ನು ಆಕೆಯು ಕಂಡಳು, ತಾನೂ ಮೆಕ್ಸಿಕೊ ದೇಶದ ಜೀನಿನ ಮೇಲೆ ಹಾಗೆಯೇ ಕುಳಿತು ನೋಡಿದಳು, ನೋವು ಕಡಮೆಯಾಯಿತು. ಅದೇ ವರ್ಷದ ಶರತ್ಕಾಲದಲ್ಲಿ ಕೊಲೊರಾಡೊ ಪ್ರಾಂತದ ಬೆಟ್ಟಗಳಲ್ಲಿ ‘ಬರ್ಡೀ’ ಎಂಬ ಕುದುರೆಯ ಮೇಲೆ ಬಹುಭಾಗ ಸಂಗಡಿಗರೇ ಇಲ್ಲದೆ ನೂರಾರು ಮೈಲಿ ತಿರುಗಿದಳು. ಆದರೂ ಡೆನ್ವರ್ ನಗರವು ಸಮೀಪಿಸಿದಾಗ ಉದ್ದನೆಯ ಲಂಗವನ್ನು ತೊಟ್ಟು ಓರೆಯಾಗಿ ಕುಳಿತೇ ಊರೊಳಕ್ಕೆ ಪ್ರವೇಶಿಸಿದಳು. ಗ್ರಂಥವು ಪ್ರಕಟವಾದ ಮೇಲೆ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯು ಆಕೆಯು ಪುರುಷವೇಷವನ್ನು ಧರಿಸಿದ್ದಳೆಂದು ಬರೆಯಲು ಆಕೆಗೆ ಬಂದ ಕೋಪವು ಅಷ್ಟಿಷ್ಟಲ್ಲ. ಮುಂದಿನ ಮುದ್ರಣದಲ್ಲಿ ತನ್ನ ಉಡುಪಿನ ವಿವರವನ್ನೇ ಟಿಪ್ಪಣಿಯಾಗಿ ಸೇರಿಸಿದಳು. ಬೆಟ್ಟದಲ್ಲಿ ಯಾರಿಗೂ ಅಂಜದವಳು ವಿಮರ್ಶಕನ ಒಂದು ವಾಕ್ಯಕ್ಕೆ ಅಂಜಿದಳು.

ಕಟ್ಟುನಿಟ್ಟಾಗಿ ನೋಡಿದರೆ, ಒಂಟಿಯೆಂಬ ಮಾತು ಅಕ್ಷರಶಃ ಸಲ್ಲುವುದು ಈ ಕೊಲೊರಾಡೊ ಸವಾರಿಗೇ. ಆದರೆ ಲೇಖನದ ಮಟ್ಟಿಗೆ ಆಕೆಯು ಆಗ ಒಂಟಿಯಾಗಿರಲಿಲ್ಲ. ಹವಾಯಿ, ರಾಕಿ ಪರ್ವತ, ಜಪಾನು, ಮಲಯ ದೇಶಗಳ ಗ್ರಂಥಗಳೆಲ್ಲಕ್ಕೂ ಮೂಲವು ತಂಗಿ ಹೆನ್ರಿಯೆಟ್ಟಳಿಗೆ ಬರೆದ ಕಾಗದಗಳು. ಆ ಗದ್ಯದ ಲವಲವಿಕೆಗೆ, ಸಲಿಗೆಗೆ, ಆಗಾಗ ಇಣುಕುವ ಹಾಸ್ಯಕ್ಕೆ ಕಾರಣವು ಕೇಳುವವಳೊಬ್ಬಳು ಎದುರಿಗಿರುವಳೆಂಬ ಭಾವನೆಯೇ. ೧೮೮೦ರ ಜೂನ್ ತಿಂಗಳಲ್ಲಿ ತಂಗಿಯು ತೀರಿಕೊಂಡಳು. ಅದೇ ವರ್ಷ ಹೊರಬಂದ ಜಪಾನಿನ ಗ್ರಂಥದ ಮುನ್ನುಡಿಯಲ್ಲಿ, ಕಾಗದಗಳು ಅಚ್ಚಾಗುತ್ತಿರುವಾಗಲೇ ಅವನ್ನು ಪಡೆದವಳು ಇಲ್ಲವಾದಳೆಂದು ಆಕೆಯು ತಿಳಿಸಿರುವಳು. ಮರುವರ್ಷ ತಂಗಿಗೆ ಚಿಕಿತ್ಸೆ ಮಾಡಿದ್ದ ಡಾಕ್ಟರ್ ಜಾನ್ ಬಿಷಪ್ ಎಂಬವನನ್ನು ವಿವಾಹವಾದಳು. ಐದು ವರ್ಷಗಳಲ್ಲಿ, ೧೮೮೬ರಲ್ಲಿ, ಅವನೂ ಗತಿಸಿದನು. ಐವತ್ತನಾಲ್ಕನೆಯ ವಯಸ್ಸಿಗೆ ಕಾಗದ ಬರೆಯಲು ಮನೆಯಲ್ಲಿ ಯಾರೂ ಉಳಿಯಲಿಲ್ಲ.

ಇಷ್ಟಾದ ಮೇಲೆ ಆಕೆಯು ಪುನಃ ಹೊರಟಳು. ೧೮೮೯ರಲ್ಲಿ ಭರತಖಂಡಕ್ಕೆ ಬಂದು ಗಂಡನ ಹೆಸರಿನಲ್ಲಿ ಕಾಶ್ಮೀರದಲ್ಲಿಯೂ ತಂಗಿಯ ಹೆಸರಿನಲ್ಲಿ ಪಂಜಾಬಿನಲ್ಲಿಯೂ ಆಸ್ಪತ್ರೆಗಳನ್ನು ಸ್ಥಾಪಿಸಲು ಧನಸಹಾಯ ಮಾಡಿದಳು. ಅನಂತರ ಶ್ರೀನಗರದಿಂದ ಲಡಾಖಿಗೆ ‘ಗ್ಯಾಲ್ಪೊ’ ಎಂಬ ಬೆಳ್ಳಿಬಣ್ಣದ ಕುದುರೆಯ ಮೇಲೆ ಹೋದಳು. ಆ ಶಬ್ದಕ್ಕೆ ಟಿಬೆಟ್ಟಿನ ಭಾಷೆಯಲ್ಲಿ ‘ಅರಸ’ನೆಂದು ಅರ್ಥ; ಕುದುರೆಯ ನಡತೆಯೂ ಅರಸರಂತೆಯೇ ಯಾರ ಮಾತನ್ನೂ ಕೇಳದುದು. ಬೆಂಗಾವಲಿಗೆಂದು ನೇಮಿತನಾಗಿದ್ದ ಉಸ್ಮಾನ್ ಷಾ ಎಂಬ ಆಡಂಬರದ ಸೈನಿಕನು ದಾರಿಯುದ್ದಕ್ಕೂ ಹಳ್ಳಿಗರನ್ನು ಪೀಡಿಸಿದನು. ಲೇಹ್ ಪಟ್ಟಣವನ್ನು ಸೇರಿದಾಗ ಅವನು ಕೊಲೆಗಾರನೆಂದು ತಿಳಿದು ಸೆರೆಯಾದನು. ಮುಂದೆ ಷಯೋಕ್ ನದಿಯನ್ನು ದಾಟುವಾಗ ಆಕೆಯು ಏರಿದ್ದ ಬೇರೊಂದು ಕುದುರೆಯು ಹಿಮ್ಮಗುಚಿ ಬಿದ್ದು ಮುಳುಗಿ ಸತ್ತಿತು. ಆಕೆಯ ಪಕ್ಕೆಲುಬೊಂದು ಮುರಿಯಿತು. ಜೊತೆಯಲ್ಲಿದ್ದ ಮೊರೇವಿಯದ ಪಾದ್ರಿಯಾದ ರೆಡ್ಸ್‌ಲಾಬನೇ ಮೊದಲಾದವರು ಆಕೆಯನ್ನು ಉಳಿಸಿದರು. ಗಾಯಗೊಂಡ ಮೇಲೂ ಪ್ರಯಾಣವು ನಿಲ್ಲಲಿಲ್ಲ. ಈ ಘಟನೆಯನ್ನು ಗ್ರಂಥದಲ್ಲಿ ಆಕೆಯು ಮುಗಿಸಿರುವುದು ಕೆಲವೇ ಪಂಕ್ತಿಗಳಲ್ಲಿ. ಇಪ್ಪತ್ತು ವರ್ಷಗಳ ಹಿಂದೆಯಾಗಿದ್ದರೆ, ತಂಗಿಗೆಂದು, ಇದೇ ಒಂದು ದೀರ್ಘಪತ್ರವಾಗುತ್ತಿದ್ದಿತೆಂದು ನನಗೆ ತೋರುತ್ತದೆ.

೧೮೯೦ರ ಪಾರಸಿಕ ಯಾತ್ರೆಯು ಇದಕ್ಕಿಂತ ಘೋರವಾದುದು. ಜನವರಿಯಲ್ಲಿ ಬಾಗ್ದಾದಿನಿಂದ ಹೊರಟು, ಹಿಮ ಬಿದ್ದ ಕಣಿವೆಗಳನ್ನು ದಾಟಿ, ಫೆಬ್ರವರಿಯ ಕೊನೆಯಲ್ಲಿ ಟೆಹರಾನನ್ನು ಸೇರಿದಳು. ಆ ದಾರಿಯಲ್ಲಿಯೂ ಬಖ್ತಿಯಾರಿಗಳ ನಾಡಿನಲ್ಲಿಯೂ ಭಾರತ ಸೈನ್ಯದ ಗುಪ್ತವಾರ್ತಾ ಶಾಖೆಯ ಅಧಿಕಾರಿಯಾದ ಮೇಜರ್ ಸಾಯರ್ ಎಂಬವನು ಸಂಗಡ ಇದ್ದನು. ಅವನು ಹೋದುದು ಭೂಮಿಯನ್ನು ಅಳೆದು ನಕ್ಷೆ ಬರೆಯುವುದಕ್ಕೆ. ಗ್ರಂಥದಲ್ಲಿ ಅವನ ಹೆಸರನ್ನು ಆಕೆಯು ಒಂದೇ ಒಂದು ಅಕ್ಷರದಿಂದ ಸೂಚಿಸಿ ಮರೆಮಾಡಿರುವಳು. ಬಿಳಿಯ ವಿಧವೆಯೊಬ್ಬಳ ಲೋಕಸಂಚಾರವೂ ಸಾಮ್ರಾಜ್ಯದ ಕಾರ್ಯವೂ ಒಂದೇ ದಾರಿಯಲ್ಲಿ ನಡೆದುವೆಂಬುದನ್ನು ಇತಿಹಾಸಕಾರನು ಮರೆಯಲಾಗದು. ಪ್ರವಾಸಗ್ರಂಥವನ್ನು ಮುಗ್ಧಸಾಹಿತ್ಯವೆಂದು ಬೋಧಿಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಬುರೂಜಿರ್ದಿನಲ್ಲಿ ಸಾಯರನು ಬೇರೆಯಾದನು. ಆ ಮೇಲೆ ಅರ್ಮೇನಿಯರೂ ಕುರ್ದರೂ ವಾಸಿಸುವ ನಾಡುಗಳ ಮೂಲಕ ವಾನ್, ಬಿತ್ಲಿಸ್, ಎರ್ಜರೂಮ್ ನಗರಗಳನ್ನು ಹಾದು ಡಿಸೆಂಬರಿನಲ್ಲಿ ಕಪ್ಪು ಸಮುದ್ರದ ತೀರದ ಟ್ರೆಬಿಜಾಂಡನ್ನು ಮುಟ್ಟುವವರೆಗೆ ಯೂರೋಪಿಯರ ಜೊತೆಯೆಂಬುದು ಆಕೆಗೆ ಬಹುಮಟ್ಟಿಗೆ ಇರಲಿಲ್ಲ.

ಹಾಗಾದರೆ ಒಂಟಿಯೆಂಬುದೇನು? ಮಿರ್ಜಾ ಯೂಸುಫನೆಂಬ ದ್ವಿಭಾಷಿ, ಅಡಿಗೆಯವನು, ಹೇಸರಗತ್ತೆ ಹೊಡೆಯುವವರು ಇವರೆಲ್ಲ ಇದ್ದರು. ಜಪಾನಿನಲ್ಲಿ ಇಟೋ ಎಂಬ ಯುವಕನಿದ್ದನು. ಇವರ ಕಣ್ಣು, ಕಿವಿ, ನಾಲಗೆಗಳಿಲ್ಲದೆ ಆಕೆಯ ಗ್ರಂಥಗಳಲ್ಲಿ ಅರ್ಧ ಭಾಗವು ಹುಟ್ಟುತ್ತಿರಲಿಲ್ಲ. ಆ ಕಾಲದ ಪತ್ರಿಕೆಗಳು ಇವರನ್ನು ಲೆಕ್ಕಕ್ಕೆ ಹಿಡಿಯದೆ ಆಕೆಯನ್ನು ಏಕಾಕಿನಿಯೆಂದವು. ಆ ಅರ್ಥದಲ್ಲಿ ಮಾತು ತಪ್ಪು. ಆದರೆ ದಾರಿಯನ್ನು ನಿಶ್ಚಯಿಸುವ ಹೊಣೆ, ಕೂಲಿ ಕೊಡುವ ಹೊಣೆ, ಕಳ್ಳರ ಭಯವಿದ್ದಲ್ಲಿ ನಿಲ್ಲುವುದೋ ಮುಂದುವರಿಯುವುದೋ ಎಂಬ ತೀರ್ಮಾನ, ಇವನ್ನೆಲ್ಲ ಹಂಚಿಕೊಳ್ಳುವವರು ಯಾರೂ ಇರಲಿಲ್ಲವೆಂಬ ಅರ್ಥದಲ್ಲಿ ಮಾತು ನಿಜ. ನಮ್ಮಲ್ಲಿಯೂ ವೃದ್ಧ ವಿಧವೆಯರು ದೂರ ಪ್ರಯಾಣ ಮಾಡಿದುದುಂಟು. ಕಾಶೀಯಾತ್ರೆಗೆ ಹೊರಟವರು ಹಿಂದಿರುಗುವ ಆಸೆಯನ್ನು ಅರ್ಧ ಬಿಟ್ಟೇ ಹೋಗುತ್ತಿದ್ದರು. ಆದರೆ ಅವರಿಗೆ ದಾರಿಯುದ್ದಕ್ಕೂ ಛತ್ರವಿದ್ದಿತು, ಯಾತ್ರಿಕರ ಗುಂಪಿದ್ದಿತು, ಊರಿನವರ ಸಮ್ಮತಿಯಿದ್ದಿತು. ಬರ್ಡಳ ಮುಪ್ಪಿನ ಪ್ರಯಾಣಕ್ಕೆ ಅಂತಹ ಸಮ್ಮತಿಯ ಆಸರೆಯು ತೀರ ಅಲ್ಪ.

ಈ ಅಸಮ್ಮತಿಯು ವಿದ್ವತ್ಸಂಸ್ಥೆಗಳಲ್ಲಿಯೂ ಕಾಣಬಂದಿತು. ೧೮೯೨ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯು ಮೊದಲ ಬಾರಿಗೆ ಸ್ತ್ರೀಯರನ್ನು ಸದಸ್ಯರನ್ನಾಗಿ ಚುನಾಯಿಸಿದಾಗ ಅವರಲ್ಲಿ ಬರ್ಡಳೂ ಒಬ್ಬಳು. ಮರುವರ್ಷವೇ ವಾದ ಎದ್ದು, ಇಪ್ಪತ್ತೆರಡು ಮಂದಿಯ ಮೇಲೆ ಬೇರೆ ಸ್ತ್ರೀಯರನ್ನು ಸೇರಿಸಕೂಡದೆಂದು ತೀರ್ಮಾನವಾಯಿತು. ವಿರೋಧಿಗಳಲ್ಲಿ ಮುಖ್ಯನು ಮುಂದೆ ನಮ್ಮ ವೈಸರಾಯನಾದ ಕರ್ಜನ್. ಅವನು ಪಾರಸಿಕ ದೇಶದಲ್ಲಿ ಕುದುರೆಯ ಮೇಲೆ ಸಂಚರಿಸಿದುದು ಬರ್ಡಳ ಯಾತ್ರೆಗೆ ಕೆಲವೇ ತಿಂಗಳು ಮುಂಚೆ. ಆಗ ಅವನಿಗೆ ಮೂವತ್ತು ವರ್ಷ, ಆಕೆಗೆ ಐವತ್ತೆಂಟು. ೧೯೧೩ರಲ್ಲಿ ಆ ಸಂಸ್ಥೆಯು ಸ್ತ್ರೀಯರಿಗೆ ಪುನಃ ಬಾಗಿಲು ತೆರೆದಾಗ ಅಧ್ಯಕ್ಷಪೀಠದಲ್ಲಿದ್ದವನೂ ಕರ್ಜನನೇ, ಅದಕ್ಕೆ ಅನುಮೋದನೆ ಕೊಟ್ಟವನೂ ಅವನೇ. ಬರ್ಡಳು ಆಗ ಬದುಕಿರಲಿಲ್ಲ.

ಪಾರಸಿಕ ಗ್ರಂಥದ ಅಂಕಿತವನ್ನು ಇಲ್ಲಿ ಗಮನಿಸಬೇಕು. ಮಲಯ ದೇಶದ ಗ್ರಂಥವು ಪ್ರೀತಿಯ ನೆನಪೊಂದಕ್ಕೆ ಅರ್ಪಿತವಾದುದು; ೧೮೯೧ರ ಪಾರಸಿಕ ಸಂಪುಟಗಳಾದರೋ ಪ್ರವಾಸ ಮಾಡದ ಬಹುಜನರಿಗೆ ಅರ್ಪಿತವಾಗಿವೆ. ಪತ್ರರೂಪವು ಉಳಿದಿದೆ, ಪತ್ರವನ್ನು ಪಡೆಯುವವಳಿಲ್ಲ. ಆದಕಾರಣ ಈ ಸಂಪುಟಗಳಲ್ಲಿ ಅಳತೆ, ಎತ್ತರ, ಬೆಲೆ, ಕುಲಗಳ ವಿವರ ಹೆಚ್ಚು, ನಗೆಯು ಕಡಮೆ. ವಿಮರ್ಶಕರು ಇದನ್ನು ಶಕ್ತಿಯ ಇಳಿಮುಖವೆಂದು ಎಣಿಸುವುದುಂಟು. ಚರಿತ್ರೆಯನ್ನು ಬರೆಯುವವನಿಗೆ ಮಾತ್ರ ಅಮೆರಿಕದ ಗ್ರಂಥಕ್ಕಿಂತ ಇದೇ ಹೆಚ್ಚು ಉಪಯುಕ್ತವಾದುದು. ಓದುವ ಸುಖವು ಅಲ್ಲಿ ಹೆಚ್ಚೆಂಬುದನ್ನು ನಾನೂ ಒಪ್ಪುತ್ತೇನೆ.

ಕೊರಿಯ, ಚೀಣಗಳ ಯಾತ್ರೆಗಳನ್ನು ಇಲ್ಲಿ ವಿಸ್ತರಿಸಲು ಅವಕಾಶವಿಲ್ಲ. ಅವುಗಳಲ್ಲಿ ದೋಣಿ, ಪಲ್ಲಕ್ಕಿಗಳ ಪಾಲು ದೊಡ್ಡದು. ಮೊರಾಕೊ ಯಾತ್ರೆಯು ಮಾತ್ರ ಪುನಃ ಕುದುರೆಯ ಯಾತ್ರೆ. ಮಜಗಾನ್ ರೇವಿನಲ್ಲಿ ಸಮುದ್ರವು ಪ್ರಕ್ಷುಬ್ಧವಾಗಿದ್ದುದರಿಂದ ಅರುವತ್ತೊಂಬತ್ತರ ಈ ಪ್ರವಾಸಿನಿಯನ್ನು ಕಲ್ಲಿದ್ದಲಿನ ಬುಟ್ಟಿಯಲ್ಲಿ ಕೂರಿಸಿ ಹಡಗಿನಿಂದ ಇಳಿಸಬೇಕಾಯಿತು. ಮಾರ್ರಾಕೆಷಿನಲ್ಲಿ ಸುಲ್ತಾನನ ದರ್ಶನವಾಯಿತು. ಅಲ್ಲಿಂದ ಬೆರ್ಬರರ ನಾಡಿಗೆ ಸವಾರಿ. ಈ ಯಾತ್ರೆಯ ವಿಷಯವಾಗಿ ಆಕೆಯು ಗ್ರಂಥವನ್ನು ಬರೆಯಲಿಲ್ಲ. ೧೯೦೧ರಲ್ಲಿ ‘ಮಂತ್ಲಿ ರಿವ್ಯೂ’ ಪತ್ರಿಕೆಯಲ್ಲಿ ಒಂದು ಲೇಖನವು ಹೊರಬಂದಿತು. ಏಣಿಯ ಸಂಗತಿ, ಕರಿಯ ಕುದುರೆಯ ಸಂಗತಿ ನಮಗೆ ತಿಳಿಯಬರುವುದು ಸ್ನೇಹಿತರಿಗೆ ಆಕೆಯು ಬರೆದ ಖಾಸಗಿ ಕಾಗದಗಳಿಂದ. ಅವುಗಳನ್ನು ಕಲೆಹಾಕಿ ಆನಾ ಸ್ಟಾಡರ್ಟ್ ಎಂಬಾಕೆಯು ೧೯೦೬ರಲ್ಲಿ ಜೀವನಚರಿತ್ರೆಯನ್ನು ಪ್ರಕಟಿಸಿದಳು. ಇಪ್ಪತ್ತೆಂಟು ವರ್ಷಗಳ ಹಿಂದಿನ ಸವಾರಿಗೆ ಇಡಿಯ ಗ್ರಂಥವುಂಟು. ಅತ್ಯಂತ ವೃದ್ಧಾಪ್ಯದ ಸವಾರಿಗೆ ಚದರಿದ ಕಾಗದಗಳಷ್ಟೇ ಆಧಾರ.

ಬರ್ಡಳು ೧೯೦೪ನೆಯ ಅಕ್ಟೋಬರ್ ೭ರಂದು ಎಡಿನ್ಬರೊ ನಗರದಲ್ಲಿ ಮೃತಳಾದಳು. ಎಪ್ಪತ್ತಮೂರು ವರ್ಷ ತುಂಬಲು ಎಂಟು ದಿನಗಳಿದ್ದುವು. ಮತ್ತೊಮ್ಮೆ ಚೀಣಕ್ಕೆ ಹೋಗಲೆಂದು ಆಕೆಯ ಪೆಟ್ಟಿಗೆಗಳು ಕಟ್ಟಿಟ್ಟೇ ಇದ್ದುವು.