ಅಜ್ಜಿಯ ಹಣೆಯ ಕಪ್ಪು ಕುಂಕುಮ

ನಮ್ಮ ಮನೆಯ ಚಾವಡಿಯಲ್ಲಿ ಅಜ್ಜಿಯ ಭಾವಚಿತ್ರವೊಂದು ತೂಗುತ್ತಿತ್ತು. ಹಣೆಯಲ್ಲಿ ಕಾಸಿನಗಲದ ಕುಂಕುಮ. ಆದರೆ ಚಿತ್ರದಲ್ಲಿ ಅದು ಇದ್ದಿಲಿನಷ್ಟು ಕಪ್ಪು. ಮುಖವೂ ಅಂತೆಯೇ. "ಅಜ್ಜಿ ಇಷ್ಟು ಕಪ್ಪಿದ್ದರಾ?" ಎಂದು ಕೇಳಿದರೆ ಅಮ್ಮ, "ಇಲ್ಲ ಮಗಾ, ಗೋಧಿ ಬಣ್ಣ. ಪಟ ತೆಗೆದವನಿಗೆ ತೆಗೆಯಲು ಬಾರದು" ಎಂದು ತಪ್ಪೆಲ್ಲವನ್ನೂ ಅವನ ತಲೆಗೆ ಕಟ್ಟುತ್ತಿದ್ದರು. ಆ ಬಡಪಾಯಿಯ ಪರವಾಗಿ ಎರಡು ಮಾತು ಹೇಳುವ ಹೊಣೆ ನನ್ನ ಮೇಲಿದೆ.

ಛಾಯಾಚಿತ್ರದ ಗಾಜಿನ ಫಲಕಕ್ಕೆ ಮೊದಮೊದಲು ಕೆಂಪು ಕಾಣುತ್ತಲೇ ಇರಲಿಲ್ಲ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಒದ್ದೆ ಫಲಕಕ್ಕೆ ನೀಲಿ, ನೇರಿಳೆ ಬೆಳಕೇ ಸರ್ವಸ್ವ. ಕೆಂಪು ಹಸಿರುಗಳೆರಡೂ ಅದರ ಪಾಲಿಗೆ ಕತ್ತಲೆ. ಲೇಪಕ್ಕೆ ವರ್ಣದ್ರವ್ಯ ಬೆರೆಸಿದರೆ ಹಸಿರೂ ಮೂಡುವುದೆಂದು ಜರ್ಮನಿಯ ಹರ್ಮನ್ ಫೋಗೆಲ್ 1873ರಲ್ಲಿ ಕಂಡುಹಿಡಿದನು. ಕೆಂಪನ್ನೂ ಕಾಣಬಲ್ಲ ಪ್ಯಾನ್‌ಕ್ರೊಮ್ಯಾಟಿಕ್ ಫಲಕ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದದ್ದು 1906ರಲ್ಲಿ. ಆಮೇಲೂ ಹಳೆಯ ಬಗೆಯದು ಬಹುಕಾಲ ಬಳಕೆಯಲ್ಲಿತ್ತು. ಅದನ್ನು ಕೆಂಪು ದೀಪದ ಬೆಳಕಿನಲ್ಲಿ ಕಣ್ಣಾರೆ ನೋಡುತ್ತ ತೊಳೆಯಬಹುದು. ಹೊಸದಕ್ಕೆ ಗವಿಗತ್ತಲೆಯೇ ಬೇಕು. ಪಟದವನು ಯಾವುದನ್ನು ಆರಿಸಿಯಾನು?

ಇಂಥ ಕುರುಡು ಫಲಕ ಹಿಡಿದು ಮಂಗಳೂರಿನಲ್ಲಿ ನಿಂತವನ ಪಾಡನ್ನು ವಾಚಕರೇ ಊಹಿಸಬೇಕು. ಇಲ್ಲಿ ನೆಲ ಕೆಂಪು, ಗೋಡೆಯ ಮುರಕಲ್ಲು ಕೆಂಪು. 1834ರಲ್ಲಿ ಬಂದಿಳಿದ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬಾತ 1865ರಲ್ಲಿ ನೇತ್ರಾವತಿಯ ದಂಡೆಯಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳೂ ಒಂದೊಂದಾಗಿ ಕೆಂಪಾದವು. ಮೇಲೆ ತೆಂಗಿನ ಹಸಿರು. ಫಲಕದಲ್ಲಿ ಮಾತ್ರ ಮಾಡು, ಮರ, ಮಣ್ಣು ಎಲ್ಲವೂ ಮಸಿ; ನೀಲಿ ಆಕಾಶ ಬರಿಯ ಕಾಗದ. ಬಲ್ಲವನು ಆಕಾಶವನ್ನು ಕಡಿಮೆ ಮಾಡಿ, ಆಕಾಶದ ಬೆಳಕನ್ನೇ ಹೊದ್ದು ಬೆಳ್ಳಗೆ ಮೂಡುವ ಹೊಳೆಯನ್ನು ನಡುವೆ ತಂದು, ಸುಣ್ಣದ ಗೋಡೆಯನ್ನೋ ಬಿಳಿ ಪಂಚೆಯವರನ್ನೋ ನೆರಳಿಗೆದುರಾಗಿ ನಿಲ್ಲಿಸಬೇಕಾಗಿತ್ತು. ಇದನ್ನು ಸೌಂದರ್ಯದೃಷ್ಟಿ ಎನ್ನುತ್ತೇವೆ. ಅರ್ಧಪಾಲು ನಿರ್ವಾಹವಿಲ್ಲದ ಉಪಾಯವೆಂದೇ ನನ್ನ ಮತ.

ಮರ ಮಸಿಯಾದರೆ ನಷ್ಟವಿಲ್ಲ, ಮನುಷ್ಯರ ಮಾತು ಬೇರೆ. ಕಂದು ಮೈ ಹೊರಸೂಸುವ ಬೆಳಕಿನಲ್ಲಿ ಕೆಂಪೇ ಹೆಚ್ಚು. ಅದು ಫಲಕಕ್ಕೆ ಕಾಣದ್ದರಿಂದ ನಮ್ಮವರ ಮುಖ ಇದ್ದುದಕ್ಕಿಂತ ಕಪ್ಪಾಗಿ ಮೂಡಿತು. ದೊರೆಗಳ ನೀಲಿ ಕಣ್ಣು ಇನ್ನಷ್ಟು ತಿಳಿಯಾಯಿತು. 1868ರಿಂದ 1875ರವರೆಗೆ ಸರಕಾರ ಎಂಟು ಸಂಪುಟಗಳಲ್ಲಿ ಹೊರತಂದ 'ದಿ ಪೀಪಲ್ ಆಫ್ ಇಂಡಿಯಾ' ನಮ್ಮ ಜಾತಿ ಜನಾಂಗಗಳನ್ನು ಜಗತ್ತಿಗೆ ತೋರಿಸಿದ್ದು ಇಂಥ ಕಾಲದ ಫಲಕಗಳಿಂದಲೇ. ಅವುಗಳನ್ನು ನೋಡಿ ಮೈಬಣ್ಣದ ತೀರ್ಪು ಕೊಡುವವರು ಸಾಕ್ಷಿಯ ಕಣ್ಣು ಪರೀಕ್ಷಿಸದೆ ಸಾಕ್ಷ್ಯ ಬರೆದುಕೊಂಡವರು.

ಹೊಸ ಫಿಲ್ಮಿನ ತಂಟೆ ಇನ್ನೊಂದು. ಕಣ್ಣಿಗೆ ಬಡಿದಾಡುವ ಕೆಂಪು ಮಾಡು, ಹಸಿರು ತೆಂಗು ಅದರಲ್ಲಿ ಸರಿಸುಮಾರು ಒಂದೇ ಬೂದಿಯಾಗಿ ಕಲಸಿಹೋಗುತ್ತವೆ. ಬಾವುಟಗುಡ್ಡೆಯ ಮೇಲಿಂದ ಕೆಂಪು ಗಾಜಿನ ಫಿಲ್ಟರ್ ಹಾಕಿ ತೆಗೆದೆ; ಅಳಿದುಳಿದ ಹಂಚಿನ ಮಾಡುಗಳು ಹಿಮ ಸುರಿದಂತೆ ಬೆಳ್ಳಗಾದವು, ಆಕಾಶ ಕಪ್ಪಾಯಿತು. ಹಸಿರು ಫಿಲ್ಟರಿಗೆ ಬದಲಿಸಿದಾಗ ತೆಂಗು ತಿಳಿಯಾಗಿ ಮಾಡು ಗಾಢವಾಗಿ ಊರು ಊರಂತೆ ಕಂಡಿತು. ಕೆಂಪು ಫಿಲ್ಟರಿನಲ್ಲಿ ಅಜ್ಜಿಯನ್ನು ತೆಗೆದಿದ್ದರೆ ಕುಂಕುಮವೇ ಮಾಯವಾಗುತ್ತಿತ್ತು!

ಈಚೆಗೆ ನೆಂಟರ ಹುಡುಗನೊಬ್ಬ ಆ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿಸಿ ತಂದ. ಸೀರೆ ಹಸಿರಾಗಿತ್ತು, ಬಳೆ ಹೊನ್ನಾಗಿತ್ತು. ಮುಖ ಹಾಗೆಯೇ ಕಪ್ಪು. ಹಣೆಯ ಬೊಟ್ಟನ್ನು ಯಂತ್ರ ಮುಟ್ಟಿಯೇ ಇರಲಿಲ್ಲ.